ನಾಲ್ಕು ಸೆಕೆಂಡಿನ ಹೆಬ್ಬೆರಳು

ಕಂಪನಿ ಟಿಕ್ಕಕ್ಕನಿಗೆ ಎರಡು ಬಾಕಿ ಕೊಡಬೇಕು. ಒಂದು, ಮೂರು ತಿಂಗಳ ಸಂಬಳ. ಅದು ಕಾಗದದ ಮೇಲಿದೆ, ಕೋರ್ಟಿನಲ್ಲಿದೆ, ಬಂದರೆ ಒಂದು ದಿನ ಬರಬಹುದು. ಇನ್ನೊಂದು, ಕಾರಿನಲ್ಲಿ ಒಂದು ಸುತ್ತು. ಅದಕ್ಕೆ ಕಾಗದವಿಲ್ಲ. ನಲವತ್ತು ಹೆಂಗಸರ ಎದುರು ಮೈಕು ಹಿಡಿದು ಬಾಯಿತುಂಬ ಆಡಿದ ಮಾತು ಅದು. ಸಂಬಳದ ಕಥೆ ಎಲ್ಲ ಮುಚ್ಚಿದ ಫ್ಯಾಕ್ಟರಿಗಳದ್ದೂ ಒಂದೇ, ಅದನ್ನು ವಕೀಲರು ಹೇಳಿಕೊಳ್ಳಲಿ. ಇದು ಎರಡನೇ ಬಾಕಿಯ ಕಥೆ.

ಟಿಕ್ಕಕ್ಕ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಲೈನಿನಲ್ಲಿ ಅಂಟಿಕೊಂಡದ್ದು. ಕಾರಿನ ಸ್ಟಿಯರಿಂಗಿನ ಬಲಗಡೆ, ಹೆಬ್ಬೆರಳಿಗೆ ಎಟಕುವ ಹಾಗೆ ಆರು ಗುಂಡಿಗಳ ಒಂದು ಸ್ವಿಚ್ಚು ಇರುತ್ತದೆ. ಕಾರು ಒಂದೇ ವೇಗದಲ್ಲಿ ಹೋಗುತ್ತಿರಲಿ, ಕಾಲಿಗೆ ಬಿಡುವು ಸಿಗಲಿ ಎಂದು ಮಾಡಿದ್ದು. ಕ್ರೂಸ್ ಕಂಟ್ರೋಲ್ ಅನ್ನುತ್ತಾರೆ. ಆ ಸ್ವಿಚ್ಚು ಈ ಫ್ಯಾಕ್ಟರಿಯಲ್ಲಿ ತಯಾರಾಗುತ್ತಿತ್ತು. ಲೈನಿನ ಕೊನೆಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತು, ಬಂದ ಪ್ರತಿ ಸ್ವಿಚ್ಚಿನ ಆರೂ ಗುಂಡಿ ಒತ್ತಿ ನೋಡುವುದು ಅವಳ ಕೆಲಸ. ಗುಂಡಿ ಒತ್ತಿದಾಗ ಬೆರಳಿನ ತುದಿಗೆ ಒಂದು ಸಣ್ಣ ಮುರಿತ ತಿಳಿಯಬೇಕು, ಟಿಕ್ ಅಂತ. ತಿಳಿಯದಿದ್ದರೆ ಮಾಲು ವಾಪಸ್. ಒಮ್ಮೆ ಈ ಕೆಲಸಕ್ಕೆ ದೊಡ್ಡ ದುಡ್ಡು ಸುರಿದು ಯಂತ್ರ ತಂದರು. ಆ ಯಂತ್ರ ಮೆತ್ತಗಿನ ಗುಂಡಿಗಳನ್ನೆಲ್ಲ ಪಾಸು ಮಾಡಿ ಕಳಿಸಿತು. ಮಾಲು ವಾಪಸು ಬಂತು, ಯಂತ್ರ ಮೂಲೆ ಸೇರಿತು, ಟಿಕ್ಕಕ್ಕ ಮತ್ತೆ ಸ್ಟೂಲು ಹತ್ತಿದಳು. ಸಂಬಳ ಮಾತ್ರ ಒಂದು ಕಾಸೂ ಹತ್ತಲಿಲ್ಲ.

ಸೇರಿದ ಮೊದಲ ದಿನ ಸೂಪರ್‌ವೈಸರ್ ಕಲಿಸಿದ್ದು ಒಂದೇ ಪಾಠ.

"ನೋಡಮ್ಮ, ಆನ್, ಸೆಟ್, ಏರಿಸು, ಇಳಿಸು, ರೆಸ್ಯೂಮ್, ಕ್ಯಾನ್ಸಲ್. ಇದೇ ಕ್ರಮ. ನಾಲ್ಕು ಸೆಕೆಂಡು. ಕ್ಯಾನ್ಸಲ್ ಒತ್ತದೆ ಒಂದೇ ಒಂದು ಪೀಸೂ ನಿನ್ನ ಕೈ ದಾಟಬಾರದು."

"ಅದೊಂದಕ್ಕೇ ಯಾಕೆ ಸಾರ್ ಅಷ್ಟು?"

"ಸೆಟ್ ಕೆಲಸ ಮಾಡದಿದ್ರೆ ಗಿರಾಕಿ ನಮಗೆ ಬೈತಾನೆ. ಕ್ಯಾನ್ಸಲ್ ಕೆಲಸ ಮಾಡದಿದ್ರೆ ಬೈಯೋಕೆ ಗಿರಾಕಿನೇ ಇರಲ್ಲ."

ಅವನು ನಗಾಡಿದ. ಅವಳು ನಗಲಿಲ್ಲ. ಅವಳ ಗಂಡ ಲಾರಿ ಡ್ರೈವರು. ನಿಲ್ಲದ ಗಾಡಿ ಅಂದರೆ ಏನು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸ್ವಿಚ್ಚಿನ ಒಳಗುಟ್ಟು ಹೇಳಿಕೊಟ್ಟವಳು ಎಡಗಡೆ ಕೂರುತ್ತಿದ್ದ ಗೆಳತಿ, ಬೆಸುಗೆಯವಳು. ತಂತಿಗೆ ಸೀಸ ಕರಗಿಸಿ ಬೆಸುಗೆ ಹಾಕುವುದು ಅವಳ ಪಾಲಿನ ಕೆಲಸ. ಊಟದ ಹೊತ್ತಿನಲ್ಲಿ ಕೆಟ್ಟ ಸ್ವಿಚ್ಚೊಂದನ್ನು ಬಿಚ್ಚಿ ತೋರಿಸಿದಳು.

"ಇದರೊಳಗೆ ಭಾರಿ ಏನೋ ಇದೆ ಅಂದ್ಕೊಂಡಿದ್ಯಾ? ಏನೂ ಇಲ್ಲ ಕಣೇ. ಮೇಲೆ ಪ್ಲಾಸ್ಟಿಕ್ಕು, ಕೆಳಗೆ ರಬ್ಬರಿನ ಗುಬ್ಬಿ, ಅದರ ಕೆಳಗೆ ಈ ಹಸಿರು ಹಲಗೆ. ಹೊರಗೆ ಹೋಗೋದು ಎರಡೇ ತಂತಿ."

"ಆರು ಗುಂಡಿಗೆ ಎರಡೇ ತಂತಿನಾ? ಯಾವುದು ಒತ್ತಿದ್ದು ಅಂತ ಹೇಗೆ ಗೊತ್ತಾಗತ್ತೆ?"

"ಮನೆ ಬಾಗಿಲು ಒಂದೇ ಅಲ್ವಾ? ಬಾಡಿಗೆ ಕೇಳೋಕೆ ಬಂದವನು ತಟ್ಟೋದೇ ಬೇರೆ, ಗಂಡ ತಟ್ಟೋದೇ ಬೇರೆ. ಒಳಗಿದ್ದೋಳಿಗೆ ಗೊತ್ತಾಗಲ್ವಾ? ಹಾಗೇ. ಗುಂಡಿಗೊಂದು ರೆಸಿಸ್ಟರ್ ಇಟ್ಟಿದಾರೆ, ಈ ಸಾಸಿವೆ ಕಾಳಿನ ಹಾಗಿರೋದು. ಒಂದೊಂದೂ ಕರೆಂಟನ್ನ ಒಂದೊಂದು ಅಳತೆಗೆ ತಡೆಯತ್ತೆ. ಕಾರಿನಲ್ಲಿ ಒಂದು ಕಂಪ್ಯೂಟರ್ ಡಬ್ಬಿ ಇರತ್ತೆ, ಅದು ಆ ಅಳತೆ ನೋಡಿ, ಓಹೋ ಇದು ಸೆಟ್ಟು, ಇದು ಕ್ಯಾನ್ಸಲ್ಲು ಅಂತ ಗುರುತು ಹಿಡಿಯತ್ತೆ. ಆಮೇಲೆ ಚಕ್ರದ ವೇಗ ನೋಡ್ಕೊಂಡು, ಏರು ಬಂದ್ರೆ ಎಣ್ಣೆ ಜಾಸ್ತಿ ಬಿಡತ್ತೆ, ಇಳಿಜಾರು ಬಂದ್ರೆ ಕಮ್ಮಿ ಮಾಡತ್ತೆ."

"ಅಂದ್ರೆ ನಮ್ಮದು ಬರೀ ಹೇಳೋ ಕೆಲಸ. ಮಾಡೋದು ಆ ಡಬ್ಬಿ."

"ಹೂಂ. ಮನೇಲಿ ಇರೋದಕ್ಕೆ ಪೂರ್ತಿ ಉಲ್ಟಾ."

ಇಬ್ಬರೂ ಅನ್ನ ನೆತ್ತಿಗೆ ಹತ್ತುವ ಹಾಗೆ ನಕ್ಕರು.

ಆರು ಗುಂಡಿಗಳಲ್ಲಿ ಟಿಕ್ಕಕ್ಕನಿಗೆ ರೆಸ್ಯೂಮಿನ ಮೇಲೆ ಒಂದು ಕಣ್ಣು ಹೆಚ್ಚು. ಬ್ರೇಕಿಗೆ ಕಾಲು ತಾಗಿದರೆ ಕಾರು ಹಿಡಿದ ವೇಗವನ್ನು ಬಿಟ್ಟುಕೊಡುತ್ತದೆ, ಆದರೆ ಮರೆಯುವುದಿಲ್ಲ. ರೆಸ್ಯೂಮ್ ಒತ್ತಿದರೆ ಎಲ್ಲಿ ಬಿಟ್ಟಿತ್ತೋ ಅಲ್ಲಿಗೇ ಮತ್ತೆ ಹೋಗಿ ನಿಲ್ಲುತ್ತದೆ. ಇದನ್ನು ಕೇಳಿದ ದಿನ ಅವಳು ಮನೆಗೆ ಹೋಗಿ ಗಂಡನಿಗೆ ಹೇಳಿದಳು.

ಗಂಡ ಆಗತಾನೇ ನಾಲ್ಕು ದಿನದ ದಾರಿ ಮುಗಿಸಿ ಬಂದಿದ್ದ. ಒಂದೇ ಕೋಣೆಯ ಮನೆ. ಮಂಚದ ಅಂಚಿನಲ್ಲಿ ಕೂತು ಬಲಗಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟಿದ್ದ. ವರ್ಷಗಟ್ಟಲೆ ಆಕ್ಸಿಲರೇಟರು ತುಳಿದು ತುಳಿದು ಆ ಪಾದದ ಗಂಟು ಸೋರೆಕಾಯಿ ಆಗಿತ್ತು. ಎಡಗಾಲಿನ ಚಪ್ಪಲಿ ಬಲಗಾಲಿನದಕ್ಕಿಂತ ಒಂದು ಅಳತೆ ಚಿಕ್ಕದು ತರಬೇಕಾಗಿತ್ತು. ಹಾಗಾಗಿ ಎರಡು ಜೊತೆ ಕೊಂಡು ಅರ್ಧ ಎಸೆಯುತ್ತಿದ್ದರು.

"ಕಾಲು ಎತ್ತಿದ್ರೂ ಗಾಡಿ ಹೋಗತ್ತಾ?" ಅಂದ.

"ಹೋಗತ್ತೆ. ಅದೇ ವೇಗದಲ್ಲಿ."

"ನಮ್ಮ ಲಾರೀಲೂ ಇದೆಯಲ್ಲ ಅದು."

"ಎಲ್ಲಿದೆ?"

"ಇಟ್ಟಿಗೆ. ಪೆಡಲ್ ಮೇಲೆ ಇಟ್ಟಿಗೆ ಇಟ್ಬಿಟ್ರೆ ಅದೇ ವೇಗ."

"ಥೂ ನಿನ್ನ! ಕ್ಯಾನ್ಸಲ್ ಎಲ್ಲಿದೆಯೋ ಅದಕ್ಕೆ?"

"ಕ್ಯಾನ್ಸಲ್ಲು ಎದುರಿನ ಮರ."

ಅವಳು ಬೆನ್ನಿಗೆ ಗುದ್ದಿದಳು. ಅವನು ನಗುತ್ತಲೇ ಕಾಲನ್ನು ಅವಳ ತೊಡೆಯ ಮೇಲಿಟ್ಟ. ಅವಳು ಗಂಟು ತಿಕ್ಕತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಅವನು ಹೇಳಿದ, "ಒಂದಿನ ಹಳೇದೋ ಗಿಳೇದೋ, ಆ ಗುಂಡಿ ಇರೋ ಒಂದು ಕಾರು ತಗೊಳ್ಳೋಣ ಕಣೇ. ಉದ್ದಕ್ಕೆ ನೆಟ್ಟಗಿರೋ ರಸ್ತೆ ಹಿಡಿಯೋಣ. ನೀನು ಓಡಿಸು. ನಿನ್ನ ಗುಂಡಿ ನೀನೇ ಒತ್ತು. ನಾನು ಪಕ್ಕದಲ್ಲಿ ಕಾಲು ಚಾಚಿ ಕೂತ್ಕೊಂಡು, ಇವಳ ಕಾಲೂ ಖಾಲಿ, ನನ್ನ ಕಾಲೂ ಖಾಲಿ, ಗಾಡಿ ಯಾರು ಓಡಿಸ್ತಿದಾರಪ್ಪ ಅಂತ ನೋಡ್ತೀನಿ."

ಆರು ವರ್ಷದ ಮೇಲೆ ಅವನು ಒಂದು ವಾರದ ಜ್ವರಕ್ಕೆ ಹೋದ. ಲಾರಿ ಅಲ್ಲ, ರಸ್ತೆ ಅಲ್ಲ, ಇಟ್ಟಿಗೆಯೂ ಅಲ್ಲ, ಜ್ವರ. ಮೂರನೇ ವಾರ ಅವಳು ಸ್ಟೂಲಿನ ಮೇಲಿದ್ದಳು. ಯಾರಾದರೂ ಕೇಳಿದರೆ, "ಕೂತು ಅತ್ತರೆ ಬಾಡಿಗೆ ಕೇಳೋನು ಬರಲ್ವಾ?" ಅನ್ನುತ್ತಿದ್ದಳು. ಆದರೆ ಪಕ್ಕದಲ್ಲಿದ್ದ ಬೆಸುಗೆಯವಳು ಒಂದನ್ನು ಗಮನಿಸಿದ್ದಳು. ಐದನೇ ಗುಂಡಿಯ ಮೇಲೆ ಮಾತ್ರ ಹೆಬ್ಬೆರಳು ಕೂದಲೆಳೆಯಷ್ಟು ತಡೆದು ನಿಲ್ಲುತ್ತಿತ್ತು. ಆರನೆಯದರಲ್ಲಿ ಆ ತಡವನ್ನು ತುಂಬಿಕೊಂಡು ನಾಲ್ಕು ಸೆಕೆಂಡಿಗೆ ಸರಿಯಾಗಿ ಮುಗಿಸುತ್ತಿತ್ತು.

ಪಾಳಿಗೆ ಸಾವಿರದೈನೂರು ಸ್ವಿಚ್ಚು. ಅವಳ ಹನ್ನೆರಡನೇ ವರ್ಷ ಐವತ್ತು ಲಕ್ಷನೇ ಸ್ವಿಚ್ಚು ಲೈನು ದಾಟಿತು. ಅಂಗಳಕ್ಕೆ ಒಂದು ಬಿಳಿ ಕಾರು ತಂದು ನಿಲ್ಲಿಸಿ ಕೆಂಪು ರಿಬ್ಬನ್ನು ಸುತ್ತಿದರು. ಸ್ವಿಚ್ಚು ಮಾಡಿದ ಹೆಂಗಸರೆಲ್ಲ ಸುತ್ತ ನಿಂತರು, ಸ್ವಿಚ್ಚು ಮುಟ್ಟದ ದೊಡ್ಡ ಸಾಹೇಬ ಸ್ಟಿಯರಿಂಗ್ ಹಿಡಿದು ಕೂತ. ಫೋಟೊ ತೆಗೆದರು. ಸಾಹೇಬ ಇಳಿದು ಮೈಕು ತಗೊಂಡ.

"ಐದು ವರ್ಷ ಸರ್ವೀಸ್ ಆಗಿರೋ ಪ್ರತಿಯೊಬ್ಬರನ್ನೂ ಈ ಕಾರಿನಲ್ಲಿ ಒಂದು ಸುತ್ತು ಕರ್ಕೊಂಡು ಹೋಗ್ತೀವಿ. ನೀವು ಮಾಡಿದ ಸ್ವಿಚ್ಚನ್ನ ನೀವೇ ಒತ್ತಿ ನೋಡಬೇಕು. ಇದು ನನ್ನ ಮಾತು."

ಚಪ್ಪಾಳೆ. ಒಬ್ಬೊಬ್ಬರಿಗೆ ಒಂದು ಸಿಹಿ, ಒಂದು ಪೆನ್ನು. ಸಂಜೆಗೆ ಕಾರು ಹೋಯಿತು. ಮುಂದಿನ ತಿಂಗಳು ಕೇಳಿದರೆ, ಇನ್ಶೂರೆನ್ಸ್ ತೊಂದರೆ ಇದೆ ಅಂದರು. ಅದರ ಮುಂದಿನ ತಿಂಗಳು ಆರ್ಡರಿನ ಒತ್ತಡ. ಮೂಗಿಗೆ ತುಪ್ಪ ಹಚ್ಚುವುದು ಅಂದರೆ ಇದೇ. ವಾಸನೆ ಹನ್ನೆರಡು ತಿಂಗಳು ಬಂತು, ನಾಲಿಗೆಗೆ ಒಂದು ಹನಿ ತಾಗಲಿಲ್ಲ. ಇನ್ನೆರಡು ವರ್ಷಕ್ಕೆ ಗೇಟಿಗೆ ಬೀಗ ಬಿತ್ತು.

ಗೇಟಿನ ಮುಂದೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ನಲವತ್ತು ಹೆಂಗಸರು ಕೂತರು. ಬೇಡಿಕೆಗಳ ಪಟ್ಟಿ ಬರೆಯುವಾಗ ಟಿಕ್ಕಕ್ಕ, "ಕಾರಿನ ಸುತ್ತೂ ಬರೀರಿ" ಅಂದಳು. ಕಾರ್ಮಿಕ ಸಂಘದವರು ಮುಖ ಮುಖ ನೋಡಿಕೊಂಡರು.

"ಅಕ್ಕಾ, ಸಂಬಳ ಕೇಳೋ ಕಡೆ ಜಾಲಿ ರೈಡ್ ಕೇಳಿದ್ರೆ ನಗ್ತಾರೆ."

"ನಗಲಿ. ಸಂಬಳ ಕೆಲಸದ್ದು. ಇದು ಮಾತಿನದು. ಎರಡೂ ಅವರೇ ಕೊಡಬೇಕಾದ್ದು."

ಬರೆಯಲಿಲ್ಲ. ಅದು ತಪ್ಪು. ನಮ್ಮಂಥ ಚಳವಳಿಯವರು ಹೊಟ್ಟೆಯ ಲೆಕ್ಕ ಬರೆಯುವುದರಲ್ಲಿ ಪಳಗಿದವರು. ಮನಸ್ಸಿನ ಆಸೆಗೆ ಪಟ್ಟಿಯಲ್ಲಿ ಸಾಲು ಬಿಡುವುದನ್ನು ಕಲಿತಿಲ್ಲ.

ಅವಳು ಇನ್ನೊಂದು ದಾರಿ ಹಿಡಿದಳು. ನಲವತ್ತೇಳನೇ ವಯಸ್ಸಿನಲ್ಲಿ ಡ್ರೈವಿಂಗ್ ಶಾಲೆ ಸೇರಿದಳು. ನಾಲ್ಕು ಮನೆಯ ಪಾತ್ರೆ ತಿಕ್ಕಿದ ದುಡ್ಡು ಅದಕ್ಕೆ ಹೋಯಿತು. ಕಲಿಸುವ ಮೇಷ್ಟ್ರು ವಯಸ್ಸಾದವರು, ಎರಡು ದಿನಕ್ಕೊಮ್ಮೆ ಜೀವದ ಆಸೆ ಬಿಡುವವರು.

"ಅಮ್ಮಾ, ಕ್ಲಚ್ಚು ನಿಧಾನ ಬಿಡಿ. ನಿಧಾನ! ಅದು ಕ್ಲಚ್ಚು, ಜಿರಲೆ ಅಲ್ಲ!"

ಮೂರು ದಿನ ನೋಡಿ ನಾಲ್ಕನೇ ದಿನ ಅವರು ಕೇಳಿದರು, "ಅಲ್ಲಮ್ಮ, ಆ ಬಲಗೈ ಹೆಬ್ಬೆರಳು ಸ್ಟಿಯರಿಂಗ್ ಮೇಲೆ ಏನು ಮಾಡ್ತಿದೆ? ತಾಳ ಹಾಕ್ತಿದೆಯಾ?"

ಶಾಲೆಯ ಕಾರು ಓಬೀರಾಯನ ಕಾಲದ್ದು. ಸ್ಟಿಯರಿಂಗಿನ ಮೇಲೆ ಹಾರ್ನ್ ಬಿಟ್ಟರೆ ಏನೂ ಇರಲಿಲ್ಲ. ಆದರೂ ಬೆರಳು ಬರಿದಾದ ಕಪ್ಪು ರಬ್ಬರನ್ನು ಆರು ಸಲ ತಟ್ಟುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಆರು ಸಲ.

"ಅಭ್ಯಾಸ ಸಾರ್," ಅಂದಳು.

"ಈ ಅಭ್ಯಾಸ ಕಾಲಿಗೂ ಸ್ವಲ್ಪ ಕಲಿಸಿ."

ಎರಡನೇ ಸಲಕ್ಕೆ ಲೈಸೆನ್ಸು ಬಂತು. ಅದನ್ನು ಗಂಡನ ಫೋಟೊದ ಚೌಕಟ್ಟಿನ ಸಂದಿಗೆ ಸಿಕ್ಕಿಸಿದಳು. ಕಾರು ಎಲ್ಲಿಂದ ತರುವುದು? ಅವಳ ತಮ್ಮ ಬಾಡಿಗೆ ಕಾರು ಓಡಿಸುತ್ತಿದ್ದ, ಕಾರು ಅವನದಲ್ಲ, ಯಜಮಾನನದು. ಹಳೆಯ ಕಾರು ಮಾರಿ ಯಜಮಾನ ಹೊಸದು ತಂದ ವಾರ ತಮ್ಮ ಫೋನು ಮಾಡಿದ.

"ಅಕ್ಕಾ, ನಿನ್ನ ಗುಂಡಿ ಬಂದಿದೆ ಕಣೆ ಇದರಲ್ಲಿ."

"ಆರು ಇದೆಯಾ?"

"ಆರೇ. ಆರನೇದಕ್ಕೆ ಕ್ಯಾನ್ಸಲ್ ಅಂತ ಬರೆದಿದೆ."

"ಯಾವತ್ತು?" ಅಂದಳು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಬಂದ. ಹತ್ತಕ್ಕೆ ಸ್ಟೇಷನ್ನಿನಿಂದ ಯಾರನ್ನೋ ಕರೆತರಬೇಕಿತ್ತು. "ಒಂದು ಗಂಟೆ ನಿನ್ನದು. ಗೀರು ಬಿದ್ರೆ ಯಜಮಾನ ನನ್ನ ಚರ್ಮ ಸುಲೀತಾನೆ, ನಾನು ನಿನ್ನದು ಸುಲೀತೀನಿ." ಊರ ಹೊರಗಿನ ಹೊಸ ರಸ್ತೆಗೆ ಹೋದರು. ನೆಟ್ಟಗೆ, ಅಗಲಕ್ಕೆ, ಆ ಹೊತ್ತಿನಲ್ಲಿ ಖಾಲಿ. ತಮ್ಮ ಇಳಿದು ಈ ಕಡೆ ಬಂದ, ಅಕ್ಕ ಆ ಕಡೆ ಹೋಗಿ ಕೂತಳು. ಸ್ವಿಚ್ಚನ್ನು ಮೊದಲು ಬರೀ ಮುಟ್ಟಿದಳು. ಅಂಚಿನಲ್ಲಿ ಆ ಫ್ಯಾಕ್ಟರಿಯ ಅಚ್ಚಿನ ಒಂದು ಸಣ್ಣ ಗೆರೆ ಉಳಿಯುತ್ತದೆ, ತಿಳಿಯದವರಿಗೆ ತಿಳಿಯದು. ಅದು ಬೆರಳಿಗೆ ತಾಗಿತು.

"ನಮ್ಮದೇ," ಅಂದಳು.

ನಲವತ್ತು ಕಿಲೊಮೀಟರಿಗಿಂತ ಕೆಳಗೆ ಆ ಡಬ್ಬಿ ಯಾರ ಮಾತೂ ಕೇಳುವುದಿಲ್ಲ ಎಂದು ಅವಳಿಗೆ ಗೊತ್ತು. ಅರವತ್ತಕ್ಕೆ ತಂದಳು. ಆನ್ ಒತ್ತಿದಳು. ಎದುರಿನ ಫಲಕದಲ್ಲಿ ಸಣ್ಣ ದೀಪ ಹತ್ತಿತು. ಸೆಟ್ ಒತ್ತಿದಳು. ಟಿಕ್. ಬಲಗಾಲನ್ನು ಎತ್ತಿ ಹಿಂದಕ್ಕೆ ಎಳೆದುಕೊಂಡಳು.

ಕಾರು ಹೋಗುತ್ತಲೇ ಇತ್ತು.

ಯಾರೋ ಹಿಂದಿನಿಂದ ಅಂಗೈ ಇಟ್ಟು ತಳ್ಳಿದ ಹಾಗೆ, ಅಷ್ಟೇ ಮೆತ್ತಗೆ, ಅಷ್ಟೇ ಗಟ್ಟಿಯಾಗಿ. ಕಾಲು ಏನು ಮಾಡಬೇಕೋ ತಿಳಿಯದೆ ಮ್ಯಾಟಿನ ಮೇಲೆ ಸುಮ್ಮನೆ ಬಿದ್ದಿತ್ತು. ಆ ಕಾಲನ್ನು ನೋಡಬೇಕು ಅನ್ನಿಸಿತು, ರಸ್ತೆ ಬಿಟ್ಟು ನೋಡುವ ಹಾಗಿಲ್ಲ. ಅಷ್ಟರಲ್ಲಿ ಟಿಕ್ ಟಿಕ್ ಟಿಕ್ ಟಿಕ್. ದೀಪ ಆರಿತು, ಕಾರು ಸೊರಗಿತು.

"ಯಾಕಕ್ಕ ಕ್ಯಾನ್ಸಲ್ ಮಾಡಿದೆ?"

"ನಾನು ಮಾಡಲಿಲ್ಲ."

"ಮತ್ತೆ ನಾನು ಮಾಡಿದ್ನಾ?"

ಅವಳು ಹೆಬ್ಬೆರಳನ್ನು ನೋಡಿದಳು. ಅದು ಆರನೇ ಗುಂಡಿಯ ಮೇಲಿತ್ತು. ಕೆಲಸ ಮುಗಿಸಿ, ಮುಂದಿನ ಪೀಸು ಬರಲಿ ಎಂದು ಕಾಯುತ್ತಿತ್ತು.

ಮತ್ತೆ ಅರವತ್ತು. ಸೆಟ್. ಈ ಸಲ ಹಲ್ಲು ಕಚ್ಚಿ ಹಿಡಿದಳು. ಎದುರಿನ ರಸ್ತೆ ಹತ್ತಿರ ಬರುತ್ತಲೇ ಇತ್ತು, ಪಕ್ಕದಲ್ಲಿ ಒಂದು ಗಿಡ ಸರಿಯಿತು, ಇನ್ನೊಂದು ಗಿಡ ಸರಿಯಿತು, ಬೆರಳು ಹೋಗಿಯೇ ಹೋಯಿತು. ಏರಿಸು, ಇಳಿಸು, ರೆಸ್ಯೂಮಿನ ಮೇಲೆ ಆ ಕೂದಲೆಳೆಯಷ್ಟು ತಡೆ, ಕ್ಯಾನ್ಸಲ್. ತಮ್ಮ ಗಡಿಯಾರ ನೋಡತೊಡಗಿದ. ಮೂರನೇ ಸಲ, ಐದನೇ ಸಲ, ಒಂಬತ್ತನೇ ಸಲ.

"ಅಕ್ಕಾ," ಅಂದ, ನಗುವುದೋ ಬಿಡುವುದೋ ತಿಳಿಯದೆ, "ಪ್ರತಿ ಸಲ ನಾಲ್ಕು ಸೆಕೆಂಡು ಕಣೆ. ಐದು ಆಗ್ತಾನೇ ಇಲ್ಲ."

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಹುಟ್ಟುಗುಣ ಅಲ್ಲ. ಹುಟ್ಟುವಾಗ ಆ ಬೆರಳು ಎಲ್ಲರ ಬೆರಳಿನ ಹಾಗೇ ಇತ್ತು, ಬಾಯಲ್ಲಿಟ್ಟು ಚೀಪುವುದಕ್ಕೆ. ಹದಿನಾಲ್ಕು ವರ್ಷ ದಿನಕ್ಕೆ ಸಾವಿರದೈನೂರು ಸಲ ನಾಲ್ಕು ಸೆಕೆಂಡನ್ನು ಅದರೊಳಗೆ ಬಡಿದು ಕೂರಿಸಿದ್ದು ಕಂಪನಿ. ಗೇಟಿಗೆ ಬೀಗ ಹಾಕಿದವರು ಆ ಬೆರಳನ್ನು ಬಿಡುಗಡೆ ಮಾಡಿ ಹೋಗಲಿಲ್ಲ. ಕ್ಯಾನ್ಸಲ್ ಒತ್ತದೆ ಒಂದೂ ಕೈ ದಾಟಬಾರದು ಅಂದಿದ್ದರು. ಒಂದೂ ದಾಟಲಿಲ್ಲ.

"ಎಡಗೈಲಿ ಒತ್ತಕ್ಕ," ಅಂದ ತಮ್ಮ. "ಬಲಗೈ ತೊಡೆ ಮೇಲಿಟ್ಕೊ. ಸೆಟ್ ಒತ್ತಿ ಎಡಗೈ ವಾಪಸ್ ತಗೊಂಬಿಡು. ಅಷ್ಟೇ ತಾನೆ?"

ಅವಳು ಕಾರನ್ನು ಬದಿಗೆ ತಂದು ನಿಲ್ಲಿಸಿದಳು. ಸರಿಯಾದ ಮಾತೇ. ಎಡಗೈಗೆ ಆ ಪಾಠ ಬರುವುದಿಲ್ಲ. ಅದು ಹದಿನಾಲ್ಕು ವರ್ಷವೂ ಪೀಸನ್ನು ಹಿಡಿದುಕೊಂಡು ಕೂತದ್ದಷ್ಟೇ. ಒತ್ತಿದರೆ ಕಾರು ಹೋಗುತ್ತದೆ, ಊರು ದಾಟಿ ಹೋಗುತ್ತದೆ.

"ಬೇಡ," ಅಂದಳು.

"ಯಾಕೆ?"

"ದುಡಿದದ್ದು ಇದು." ಬಲಗೈ ಎತ್ತಿ ತೋರಿಸಿದಳು. ಹೆಬ್ಬೆರಳ ತುದಿ ಚಪ್ಪಟೆ, ಉಗುರು ಒಂದು ಕಡೆ ಸವೆದದ್ದು, ಚಳಿ ಬಿದ್ದರೆ ಮೊಣಕೈವರೆಗೆ ನೋವು. "ಐವತ್ತೆಂಟು ಲಕ್ಷ ಸಲ ಯಾರಯಾರದೋ ಕಾಲಿಗೆ ಬಿಡುವು ಮಾಡಿಕೊಟ್ಟಿದ್ದು ಇದು. ಸಿಗೋದಾದ್ರೆ ಇದಕ್ಕೇ ಸಿಗಬೇಕು. ಒಬ್ಬರು ದುಡಿಯೋದು, ಇನ್ನೊಬ್ಬರು ಕೂತು ಫೋಟೊ ಹೊಡೆಸ್ಕೊಳ್ಳೋದು, ಆ ಕೆಲಸ ದೊಡ್ಡ ಸಾಹೇಬ ಮಾಡಿಯಾಗಿದೆ. ನಾನೂ ಮಾಡಲ್ಲ."

"ನಿನ್ನದೇ ಕೈ ಅಲ್ವೇನೆ ಎರಡೂ!"

"ಹೌದು. ಅದಕ್ಕೇ ಮೋಸ ಮಾಡಿದ್ರೆ ನನಗೆ ಗೊತ್ತಾಗ್ಬಿಡತ್ತೆ."

"ನೀನೂ ನಿನ್ನ ಸಂಘವೂ," ಅಂದುಕೊಂಡು ತಮ್ಮ ನೀರಿನ ಬಾಟಲು ಕೊಟ್ಟ. ಅವಳು ಕುಡಿದು, ಬಾಯಿ ಒರೆಸಿಕೊಂಡು, ರಸ್ತೆಯನ್ನೇ ನೋಡುತ್ತಾ ಹೇಳಿದಳು, "ಆ ನಾಲ್ಕು ಸೆಕೆಂಡು ಇತ್ತಲ್ಲೋ, ನಿನ್ನ ಭಾವ ಪಕ್ಕದಲ್ಲೇ ಕೂತ ಹಾಗಿತ್ತು. ಕಾಲು ಚಾಚೋಕೆ ಅಂತ ಸೀಟು ಹಿಂದೆ ತಳ್ಳೋಕೆ ಹೋಗ್ತಾರೆ, ಅಷ್ಟರಲ್ಲಿ ಇದು ಒತ್ತಿಬಿಡತ್ತೆ."

ತಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದ. ಆಮೇಲೆ, "ಒಂಬತ್ತಾಯ್ತಕ್ಕ," ಅಂದ. ಸೀಟು ಬದಲಾಯಿಸಿದರು. ಊರಿಗೆ ಮರಳುವ ದಾರಿಯುದ್ದಕ್ಕೂ ಅವಳ ಬೆರಳು ತೊಡೆಯ ಮೇಲೆ ಆಡುತ್ತಿತ್ತು. ತಮ್ಮ ಲೆಕ್ಕ ಹಾಕಿದ. ಐದು ಸಲ ತಟ್ಟಿ ನಿಲ್ಲಿಸಲು ಅಕ್ಕ ಒದ್ದಾಡುತ್ತಿದ್ದಾಳೆ. ಮನೆಯ ಮುಂದೆ ಇಳಿಯುವಾಗ ಒಂದೇ ಒಂದು ಸಲ, ಐದಕ್ಕೆ ನಿಂತಿತು. ಆಕೆಯೂ ನೋಡಿದಳು, ಅವನೂ ನೋಡಿದ.

ಮುಂದಿನ ತಿಂಗಳು ಯಜಮಾನ ಮೀಟರು ನೋಡಿ, ಬಾಡಿಗೆ ಇಲ್ಲದೆ ಓಡಿದ ಕಿಲೊಮೀಟರು ಯಾರದು ಎಂದು ಕೇಳಿದ. ಆ ಬಾಗಿಲೂ ಮುಚ್ಚಿತು.

ಅವಳಿಗೆ ಬೇಕಾಗಿರುವುದು ಒಂದು ಗಂಟೆಯಲ್ಲ. ಹದಿನಾಲ್ಕು ವರ್ಷ ಕಲಿತದ್ದನ್ನು ಬೆರಳು ಮರೆಯಬೇಕಾದರೆ ಎಷ್ಟು ಬೇಕೋ ಅಷ್ಟು ರಸ್ತೆ. ಈಗಲೂ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮುಚ್ಚಿದ ಗೇಟಿನ ಮುಂದೆ ಹೆಂಗಸರು ಸೇರುತ್ತಾರೆ. ಕೋರ್ಟಿನ ಸುದ್ದಿ ಕೇಳುತ್ತಾರೆ, ಸುದ್ದಿ ಇರುವುದಿಲ್ಲ, ಟೀ ಕುಡಿದು ಏಳುತ್ತಾರೆ. ಟಿಕ್ಕಕ್ಕ ಲೈಸೆನ್ಸನ್ನು ಫೋಟೊದ ಚೌಕಟ್ಟಿನಿಂದ ತೆಗೆದು ಬ್ಯಾಗಿನಲ್ಲಿಟ್ಟುಕೊಂಡೇ ಬರುತ್ತಾಳೆ.

ಈಗ ನಿಮ್ಮ ಸರದಿ. ನಿಮ್ಮ ಕಾರಿನ ಸ್ಟಿಯರಿಂಗ್ ನೋಡಿ. ಬಲಗಡೆ ಆರು ಗುಂಡಿ ಇದ್ದರೆ, ಅಂಚಿನ ಮೇಲೆ ಬೆರಳಾಡಿಸಿ. ಸಣ್ಣ ಗೆರೆ ತಾಗಿದರೆ ಅದು ಆ ಹೆಬ್ಬೆರಳಿನಿಂದ ದಾಟಿ ಬಂದದ್ದು. ಉದ್ದದ ದಾರಿಯಲ್ಲಿ ಕಾಲು ಎತ್ತಿ ಹಾಯಾಗಿ ಕೂತಿದ್ದೀರಲ್ಲ, ಆ ಹಾಯಿ ಅವಳು ಮಾಡಿದ್ದು. ಕಂಪನಿಯ ಬಾಕಿ ಕಂಪನಿಯಿಂದ ಕೀಳುವುದು ನಮಗೆ ಬಿಡಿ. ನಿಮ್ಮ ಬಾಕಿ ನೀವು ತೀರಿಸಿ. ಭಾನುವಾರ ಹತ್ತಕ್ಕೆ ಗೇಟಿನ ಮುಂದೆ ಕಾರು ತನ್ನಿ. ಅಯ್ಯೋ ಪಾಪ ಅನ್ನಬೇಡಿ, ಫೋಟೊ ತೆಗೆಯಬೇಡಿ. ಕೀಲಿಯನ್ನು ಅವಳ ಬಲಗೈಗೆ ಕೊಟ್ಟು ಹಿಂದಿನ ಸೀಟಿನಲ್ಲಿ ಕೂರಿ, ಪಕ್ಕದ ಸೀಟನ್ನು ಖಾಲಿ ಬಿಡಿ. ಬೆರಳು ಐದಕ್ಕೆ ನಿಲ್ಲುವವರೆಗೆ ಗಡಿಯಾರ ನೋಡಬೇಡಿ.

ಯಾವ ಭಾನುವಾರ ಬರುತ್ತೀರಿ, ಹೇಳಿ.